ಮಗಳಿಗೆ ಗೋಧಿ ನಿಲ್ಲಿಸಿ ಆರು ತಿಂಗಳಾಯಿತು, ಹೊಟ್ಟೆನೋವು ಪೂರ್ತಿ ನಿಂತಿಲ್ಲ. ಎಲ್ಲಿಂದ ಬರುತ್ತಿರಬಹುದು?

ಸುರತ್ಕಲ್_ಅಮ್ಮ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನನ್ನ ಮಗಳಿಗೆ ಒಂಬತ್ತು ವರ್ಷ. ಸೀಲಿಯಾಕ್, ಅಂದರೆ ಗೋಧಿಯಲ್ಲಿರುವ ಗ್ಲುಟೆನ್ ಅನ್ನುವ ಪ್ರೋಟೀನಿನಿಂದ ಸಣ್ಣ ಕರುಳು ಹಾಳಾಗುವ ಕಾಯಿಲೆ, ಅಂತ ಗೊತ್ತಾಗಿ ಆರು ತಿಂಗಳು. ಅದಕ್ಕಿಂತ ಮುಂಚೆ ಎರಡು ವರ್ಷ ರಕ್ತ ಕಡಿಮೆ ಅಂತ ಕಬ್ಬಿಣದ ಸಿರಪ್ ಕುಡಿಸಿದ್ದೇ ಕುಡಿಸಿದ್ದು, ಹಿಮೋಗ್ಲೋಬಿನ್ ಮಾತ್ರ ಏರಲೇ ಇಲ್ಲ. ಕ್ಲಾಸಿನಲ್ಲಿ ಎಲ್ಲರಿಗಿಂತ ಗಿಡ್ಡ ಇದ್ದಳು. ಅನ್ನ ತಿನ್ನುವ ಊರಿನವರಿಗೆ ಗೋಧಿಯ ಕಾಯಿಲೆ ಬರಬಹುದು ಅಂತ ನಮಗೂ ಹೊಳೆಯಲಿಲ್ಲ, ತೋರಿಸಿದಲ್ಲಿ ಬೇರೆ ಯಾರಿಗೂ ಹೊಳೆಯಲಿಲ್ಲ. ಕೊನೆಗೆ ಒಬ್ಬ ಡಾಕ್ಟರು ಟಿಟಿಜಿ ಅನ್ನುವ ರಕ್ತಪರೀಕ್ಷೆ ಮಾಡಿಸಿದರು. ಆಮೇಲೆ ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನ ಚೂರು ತೆಗೆದು ನೋಡಿ ಖಚಿತ ಮಾಡಿದರು.

ಅವತ್ತಿನಿಂದ ಚಪಾತಿ, ಬಿಸ್ಕಿಟ್, ಬ್ರೆಡ್, ಬನ್ಸ್, ನೂಡಲ್ಸ್ ಎಲ್ಲ ಬಂದ್. ತುಂಬಾ ಸುಧಾರಿಸಿದ್ದಾಳೆ. ಎರಡೂವರೆ ಕಿಲೋ ತೂಕ ಏರಿದೆ, ಮುಖದಲ್ಲಿ ಕಳೆ ಬಂದಿದೆ. ಆದರೆ ಹತ್ತು ದಿನಕ್ಕೊಮ್ಮೆ ಹೊಟ್ಟೆ ಹಿಡಿದುಕೊಂಡು ಮಲಗುತ್ತಾಳೆ, ಮಾರನೇ ದಿನ ಬೇಧಿ. ಮೊನ್ನೆ ಮತ್ತೆ ಟಿಟಿಜಿ ಮಾಡಿಸಿದೆವು. ಇಳಿದಿದೆ, ಆದರೆ ಇಳಿಯಬೇಕಾದಷ್ಟು ಇಳಿದಿಲ್ಲ. "ಎಲ್ಲಿಂದಲೋ ಸ್ವಲ್ಪ ಸ್ವಲ್ಪ ಹೋಗುತ್ತಾ ಉಂಟು, ಹುಡುಕಿ" ಅಂದರು ಡಾಕ್ಟರು.

ಅವಳು ತಿನ್ನುವುದು ಇಷ್ಟು: ಬೆಳಿಗ್ಗೆ ಇಡ್ಲಿ, ನೀರುದೋಸೆ ಅಥವಾ ಅಕ್ಕಿಯ ಸೇಮಿಗೆ. ಶಾಲೆಗೆ ಅನ್ನ, ಸಾಂಬಾರು, ಪಲ್ಯ. ಸಂಜೆ ಅವಲಕ್ಕಿ, ಬಾಳೆಹಣ್ಣು, ಮನೆಯಲ್ಲೇ ಮಾಡಿದ ಅಕ್ಕಿಹಿಟ್ಟಿನ ಚಕ್ಕುಲಿ. ರಾತ್ರಿ ಕುಚಲಕ್ಕಿ ಅನ್ನ, ಸಾರು, ಮೀನು. ನಮ್ಮೆಜಮಾನರಿಗೆ ಶುಗರ್ ಇರುವುದರಿಂದ ಅವರಿಗೆ ಮಾತ್ರ ರಾತ್ರಿ ಚಪಾತಿ. ಭಾನುವಾರ ಹೊರಗೆ ಹೋದರೆ ಅವಳಿಗೆ ಮಸಾಲೆದೋಸೆ, ಬೇರೆ ಏನೂ ಕೊಡಿಸುವುದಿಲ್ಲ.

ಇದರಲ್ಲಿ ಗೋಧಿ ಎಲ್ಲಿ ಉಂಟು? ನನಗೆ ಕಾಣುತ್ತಿಲ್ಲ. ಕಂಡವರು ಹೇಳಿ.

ಕಲ್ಸಂಕ_ಸೈಕಲ್

ಅಕ್ಕ, ಮೊದಲು ಅಡುಗೆಮನೆಗೆ ಹೋಗಿ ಇಂಗಿನ ಡಬ್ಬಿ ತಿರುಗಿಸಿ ನೋಡಿ. ಹಿಂಬದಿಯಲ್ಲಿ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಗೋಂದು, ಮೈದಾ ಅಥವಾ ಗೋಧಿ ಹಿಟ್ಟು, ಆಮೇಲೆ ಇಂಗು. ನಿಜವಾದ ಇಂಗು ಒಂದು ಗಿಡದ ಬೇರಿನಿಂದ ಬರುವ ಅಂಟು, ಅದನ್ನು ಹಾಗೇ ಬಳಸುವುದಕ್ಕೆ ಆಗದಷ್ಟು ಘಾಟು. ಅದಕ್ಕೆ ಹಿಟ್ಟು ಬೆರೆಸಿ ಮಾರುತ್ತಾರೆ. ಪುಡಿ ಇಂಗು ಮಾತ್ರ ಅಲ್ಲ, ಗಟ್ಟಿ ಇಂಗೂ ಹಾಗೆಯೇ. ಅಕ್ಕಿಹಿಟ್ಟು ಬೆರೆಸಿದ್ದು ಕೂಡ ಸಿಗುತ್ತದೆ, ಹುಡುಕಿ ತರಬೇಕು ಅಷ್ಟೇ.

ನನಗೆ 2017ರಲ್ಲಿ ಗೊತ್ತಾಯಿತು. ಒಂದು ವರ್ಷ ನಿಮ್ಮ ಹಾಗೆಯೇ ಒದ್ದಾಡಿದೆ. ಬ್ರೆಡ್ ಇಲ್ಲ, ಚಪಾತಿ ಇಲ್ಲ, ಆದರೂ ಹೊಟ್ಟೆ ಉಬ್ಬರ. ಸಾರಿಗೆ ಇಂಗು, ಸಾಂಬಾರಿಗೆ ಇಂಗು, ಕೋಸಂಬರಿ ಒಗ್ಗರಣೆಗೆ ಇಂಗು, ಚಕ್ಕುಲಿಗೆ ಇಂಗು, ಅಂಗಡಿಯ ಮಿಡಿ ಉಪ್ಪಿನಕಾಯಿಗೂ ಇಂಗು. ಒಂದು ಚಿಟಿಕೆ ಅಂದರೆ ಏನೂ ಅಲ್ಲ ಅನ್ನಿಸುತ್ತದೆ, ಆದರೆ ಉಡುಪಿ ಅಡುಗೆಯಲ್ಲಿ ಆ ಚಿಟಿಕೆ ದಿನಕ್ಕೆ ನಾಲ್ಕು ಸಲ ಬೀಳುತ್ತದೆ, ಅಲ್ವಾ?

ಎರಡನೆಯದು ಚಕ್ಕುಲಿಯ ಅಕ್ಕಿಹಿಟ್ಟು. ಮನೆಯಲ್ಲೇ ಬೀಸಿದ್ದಾ, ಮಿಲ್ಲಿನದ್ದಾ? ಮಿಲ್ಲಿನದ್ದಾದರೆ ನಿಮಗಿಂತ ಮುಂಚಿನವರು ಐದು ಕಿಲೋ ಗೋಧಿ ಬೀಸಿಸಿ ಹೋಗಿರುತ್ತಾರೆ. ಕಲ್ಲಿನ ಸಂದಿಯಲ್ಲಿ, ಹಿಟ್ಟು ಇಳಿಯುವ ಬಟ್ಟೆಯ ಕೊಳವೆಯಲ್ಲಿ ಕೂತದ್ದೆಲ್ಲ ನಿಮ್ಮ ಚೀಲಕ್ಕೇ ಬರುವುದು. ರಾಗಿಯ ಕತೆಯೂ ಇದೇ. ನಾನೀಗ ಅಕ್ಕಿ ತೊಳೆದು, ಬಟ್ಟೆಯ ಮೇಲೆ ಒಣಗಿಸಿ, ಮಿಕ್ಸಿಯಲ್ಲಿ ಮಾಡಿಕೊಳ್ಳುತ್ತೇನೆ. ಹಿಟ್ಟು ಸ್ವಲ್ಪ ತರಿತರಿ ಆಗುತ್ತದೆ, ಪರವಾಗಿಲ್ಲ.

ಮೂರನೆಯದು ನಿಮ್ಮ ಕಾವಲಿ. ರಾತ್ರಿ ಚಪಾತಿ, ಬೆಳಿಗ್ಗೆ ಅದರಲ್ಲೇ ನೀರುದೋಸೆ, ಹೌದಾ? ಬೀಡಿನ ಕಾವಲಿ ಹಿಟ್ಟನ್ನು ಕುಡಿದುಕೊಂಡು ಬಿಡುತ್ತದೆ, ಎಷ್ಟು ತಿಕ್ಕಿದರೂ ಖಾತ್ರಿ ಇಲ್ಲ. ಮಗುವಿಗೆ ಹೊಸ ಕಾವಲಿ ತನ್ನಿ. ಜರಡಿಯೂ ಬೇರೆ ಇರಲಿ, ಮರದ ಸೌಟೂ ಬೇರೆ ಇರಲಿ. ಜರಡಿಯನ್ನು ಎಲ್ಲರೂ ಮರೆಯುತ್ತಾರೆ.

ಇನ್ನೊಂದು, ಟಿಟಿಜಿ ಪೂರ್ತಿ ಇಳಿಯುವುದಕ್ಕೆ ಕೆಲವರಿಗೆ ವರ್ಷದ ಮೇಲೆ ಹಿಡಿಯುತ್ತದೆ. ಇಳಿಯುತ್ತಾ ಇದೆ ಅನ್ನುವುದೇ ಒಳ್ಳೆಯ ಸುದ್ದಿ. ಹೆದರಬೇಡಿ.

ದೋಸೆಕಲ್ಲು

ಮಸಾಲೆದೋಸೆ ಅಂದಿರಲ್ಲ, ಅದಕ್ಕೆ ನಾನು ಬರೆಯಲೇಬೇಕು. ಹದಿನಾಲ್ಕು ವರ್ಷ ಹೋಟೆಲಿನಲ್ಲಿ ದೋಸೆ ಹೊಯ್ದವ ನಾನು. ಈಗ ಬ್ರಹ್ಮಾವರದ ಹತ್ತಿರ ಸಣ್ಣ ಕ್ಯಾಂಟೀನ್ ಉಂಟು.

ಹೋಟೆಲಿನ ದೋಸೆಕಲ್ಲು ಒಂದು ಮಂಚದಷ್ಟು ದೊಡ್ಡದು. ಒಂದು ಬದಿಯಲ್ಲಿ ರವಾದೋಸೆ, ಪಕ್ಕದಲ್ಲಿ ಮಸಾಲೆ, ಮೂಲೆಯಲ್ಲಿ ಯಾರದೋ ಚಪಾತಿ ಬಿಸಿ ಆಗುತ್ತಿರುತ್ತದೆ. ಒಂದು ಸರದಿ ಮುಗಿದ ಮೇಲೆ ನೀರು ಚಿಮುಕಿಸಿ, ಸಣ್ಣ ಹಿಡಿಸೂಡಿಯಿಂದ ಕಲ್ಲು ಗುಡಿಸುತ್ತೇವೆ. ಆ ಸೂಡಿ ರವೆಯ ಚೂರನ್ನೂ ಮೈದಾವನ್ನೂ ಕಲ್ಲಿನ ಈ ತುದಿಯಿಂದ ಆ ತುದಿಗೆ ಎಳೆದುಕೊಂಡು ಹೋಗುತ್ತದೆ. ದಿನವಿಡೀ ಅದೇ ಸೂಡಿ. ಅದೇ ಕಲ್ಲಿನ ಮೇಲೆ ನಿಮ್ಮ ಮಗುವಿನ ದೋಸೆ. ಹಿಟ್ಟಿನಲ್ಲಿ ಅಕ್ಕಿ, ಉದ್ದು ಮಾತ್ರ ಇದ್ದರೂ ಈ ಕಲ್ಲಿನಿಂದ ತಪ್ಪಿಸಿಕೊಳ್ಳುವುದಕ್ಕೆ ಆಗುವುದಿಲ್ಲ. ಅದರ ಮೇಲೆ ಕೆಲವು ಕಡೆ ಗರಿಗರಿ ಆಗಲಿ, ಬಣ್ಣ ಬರಲಿ ಅಂತ ದೋಸೆ ಹಿಟ್ಟಿಗೇ ಒಂದು ಹಿಡಿ ಚಿರೋಟಿ ರವೆಯೋ ಮೈದಾವೋ ಸೇರಿಸುತ್ತಾರೆ. ಕೇಳದೆ ಗೊತ್ತಾಗುವುದಿಲ್ಲ.

ಹಾಗಾದರೆ ಹೊರಗೆ ಎಂತ ತಿನ್ನುವುದು? ಇಡ್ಲಿ. ಹಬೆಯಲ್ಲಿ ಬೇಯುವುದು, ಕಲ್ಲಿಗೆ ಸಂಬಂಧ ಇಲ್ಲ. ಆದರೆ ರವಾ ಇಡ್ಲಿಯೂ ಅದೇ ತಟ್ಟೆಯಲ್ಲಿ ಮಾಡುತ್ತಾರಾ ಕೇಳಿ. ಕೇಳುವಾಗ ಒಂದು ಗೊಂದಲ ಬರುತ್ತದೆ. ನಮ್ಮಲ್ಲಿ ಅಕ್ಕಿತರಿಗೂ ಇಡ್ಲಿ ರವೆ ಅಂತಲೇ ಹೇಳುವುದು. "ಇಡ್ಲಿಗೆ ರವೆ ಹಾಕುತ್ತೀರಾ" ಅಂದರೆ ಭಟ್ಟರು ಹೌದು ಅನ್ನುತ್ತಾರೆ, ನೀವು ಸುಮ್ನೆ ಎದ್ದು ಬರುತ್ತೀರಿ. "ಅಕ್ಕಿಯದ್ದಾ, ಗೋಧಿಯದ್ದಾ" ಅಂತ ಬಿಡಿಸಿ ಕೇಳಬೇಕು. ಇಡ್ಲಿ ಹಿಟ್ಟನ್ನೇ ಎಲೆಯಲ್ಲಿ ಬೇಯಿಸಿದ ಮೂಡೆ, ಕೊಟ್ಟೆ ಕಡುಬು ಇದ್ದರೆ ಇನ್ನೂ ಒಳ್ಳೆಯದು, ಹಲಸಿನ ಎಲೆಯ ಕೊಟ್ಟೆ, ಮುಂಡೇವು ಎಲೆಯ ಮೂಡೆ ಒಳಗೆ ಬೇರೆ ಏನೂ ಹೋಗುವುದಿಲ್ಲ. ಜೊತೆಗೆ ತೆಂಗಿನಕಾಯಿ ಚಟ್ನಿ, ಒಗ್ಗರಣೆ ಹಾಕದೆ ಕೊಡಿ ಅನ್ನಿ. ಸಾಂಬಾರು ಬೇಡ, ಅದರಲ್ಲಿ ಇಂಗು ಇದ್ದೇ ಇರುತ್ತದೆ.

ಉದ್ದಿನ ವಡೆ ತಿನ್ನಿಸುವವರು ಇದ್ದಾರೆ, ಉದ್ದು ತಾನೇ ಅಂತ. ವಡೆ ಬೇಯುವ ಎಣ್ಣೆಯಲ್ಲೇ ಅರ್ಧ ಗಂಟೆ ಮುಂಚೆ ಗೋಳಿಬಜೆ ಬೆಂದಿರುತ್ತದೆ. ಗೋಳಿಬಜೆ ಅಂದರೆ ಮೈದಾ. ಬೇಡವೇ ಬೇಡ.

ಮೀನಿನ ಹೋಟೆಲಿನಲ್ಲೂ ಇದೇ ಲೆಕ್ಕ. ರವಾ ಫ್ರೈ ಬೇಡ ಅಂತ ಎಲ್ಲರಿಗೂ ಗೊತ್ತು. ಮಸಾಲೆ ಹಚ್ಚಿದ ತವಾ ಫ್ರೈ ಆದೀತು ಅಂದುಕೊಳ್ಳುತ್ತಾರೆ, ಆದರೆ ಎರಡೂ ಕಾಯುವುದು ಒಂದೇ ಕಾವಲಿಯಲ್ಲಿ. ಅದರ ಬದಲು ಪುಳಿಮುಂಚಿ ಅಥವಾ ಗಸಿ ತೆಗೆದುಕೊಳ್ಳಿ, ಕುಚಲಕ್ಕಿ ಅನ್ನದ ಜೊತೆ. ಗಸಿ ದಪ್ಪ ಆಗುವುದು ಅರೆದ ತೆಂಗಿನಕಾಯಿಯಿಂದ. ಹಿಟ್ಟು ಹಾಕಿ ದಪ್ಪ ಮಾಡುವವರೂ ಇದ್ದಾರೆ, ಅದನ್ನೊಂದು ಕೇಳಿ. ಕೋರಿ ರೊಟ್ಟಿಯ ರೊಟ್ಟಿ ಬರೀ ಅಕ್ಕಿಯದ್ದು, ಧೈರ್ಯವಾಗಿ ತಿನ್ನಿಸಬಹುದು. ಪ್ಯಾಕೆಟ್ಟಾದರೆ ಹಿಂಬದಿ ಓದಿ.

ಆಮೇಲೆ ಹೋಟೆಲಿನವರ ಹತ್ತಿರ ಗ್ಲುಟೆನ್ ಅನ್ನಬೇಡಿ ಮಾರಾಯ್ರೆ. ನೂರರಲ್ಲಿ ತೊಂಬತ್ತು ಜನಕ್ಕೆ ಅದು ತಲೆಗೆ ಹೋಗುವುದಿಲ್ಲ, ಆದರೂ ಮರ್ಯಾದೆಗೆ "ಇಲ್ಲ ಮೇಡಂ" ಅನ್ನುತ್ತಾರೆ. ಸಪ್ಲೈಯರ್ ಹತ್ತಿರ ಅಲ್ಲ, ಒಳಗಿನ ಭಟ್ಟರ ಹತ್ತಿರ ಹೋಗಿ ತುಳುವಿನಲ್ಲಿ "ಬಾಲೆಗ್ ಗೋದಿ, ಮೈದ, ರವೆ ಆಪುಜಿ", ಅಂದರೆ ಮಗುವಿಗೆ ಇವು ಆಗುವುದಿಲ್ಲ, "ತಿಂದರೆ ಆಸ್ಪತ್ರೆಗೆ ಹೋಗಬೇಕಾಗುತ್ತದೆ" ಅನ್ನಿ. ಮಗುವಿನ ವಿಷಯ ಅಂದರೆ ಯಾವ ಭಟ್ಟರೂ ತಾತ್ಸಾರ ಮಾಡುವುದಿಲ್ಲ. ಬೆಳಿಗ್ಗೆ ಆರೂವರೆ, ಏಳಕ್ಕೆ ಹೋಗಿ. ಆಗ ಕಲ್ಲು ತೊಳೆದಿರುತ್ತದೆ, ಜನ ಕಡಿಮೆ, ಮಾತಾಡುವುದಕ್ಕೂ ಪುರುಸೊತ್ತು ಇರುತ್ತದೆ.

ಬೆಂದೂರ್‌ವೆಲ್_ಮಮ್ಮಿ

ನನ್ನ ಮಗನಿಗೆ ಹನ್ನೆರಡು. ಅವನಿಗೆ ಗೊತ್ತಾದಾಗ ಏಳು ವರ್ಷ. ಊಟದ ವಿಷಯ ಮೇಲಿನವರು ಚೆನ್ನಾಗಿ ಹೇಳಿದ್ದಾರೆ, ನಾನು ಬೇರೆಯದ್ದು ಹೇಳುತ್ತೇನೆ.

ಅವನ ಮೊದಲ ಪರಮಪ್ರಸಾದದ ವರ್ಷ ನಾನು ನಿದ್ದೆ ಮಾಡಿಲ್ಲ. ಚರ್ಚಿನ ಪೂಜೆಯಲ್ಲಿ ಪ್ರಸಾದವಾಗಿ ಕೊಡುವ ತೆಳು ರೊಟ್ಟಿ, ಓಸ್ತಿ, ಗೋಧಿಯದ್ದು, ಬೇರೆ ಯಾವುದರಿಂದಲೂ ಮಾಡುವ ಹಾಗಿಲ್ಲ. ನಮ್ಮ ಚರ್ಚಿನ ಪಾದ್ರಿ, ವಿಗಾರರ ಹತ್ತಿರ ಹೋಗಿ ಅತ್ತೇಬಿಟ್ಟೆ. ಅವರು ಕೂರಿಸಿ ಹೇಳಿದರು: 2003ರಲ್ಲಿ ವ್ಯಾಟಿಕನ್‌ನಿಂದಲೇ ಪತ್ರ ಬಂದಿದೆ, ತೀರಾ ಕಡಿಮೆ ಗ್ಲುಟೆನ್ ಇರುವ ಓಸ್ತಿ ನಡೆಯುತ್ತದೆ, ಅದೂ ಆಗದವರು ದ್ರಾಕ್ಷಾರಸ ಮಾತ್ರ ಸ್ವೀಕರಿಸಬಹುದು. ಅವನಿಗೆ ಬೇರೆ ಸಣ್ಣ ಪಾತ್ರೆ ಇಟ್ಟರು. ಎಲ್ಲರ ಪಾತ್ರೆಗೆ ಪೂಜೆಯಲ್ಲಿ ಓಸ್ತಿಯ ಚೂರು ಹಾಕುತ್ತಾರಲ್ಲ, ಅದಕ್ಕೇ ಬೇರೆ. ಸಾಲಿನಲ್ಲಿ ಅವನೂ ಎಲ್ಲರ ಜೊತೆ ಬಿಳಿ ಶರ್ಟು ಹಾಕಿ ನಿಂತ. ಆ ದಿನ ನಾನು ಮರೆಯುವುದಿಲ್ಲ.

ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳು, ಇನ್ನೊಂದು ತಲೆನೋವು. ಕಿಡಿಯೊ, ನೆವ್ರ್ಯೊ, ತುಕ್ಡಿ ಎಲ್ಲ ಮೈದಾ. ಈಗ ನಮ್ಮಲ್ಲಿ ಗುಳಿಯೊ ಮೊದಲು ಮಾಡುತ್ತೇವೆ, ಅಕ್ಕಿಹಿಟ್ಟು ಮತ್ತು ತೆಂಗಿನ ಹಾಲಿನದ್ದು, ಹೊಸ ಎಣ್ಣೆಯಲ್ಲಿ. ಅದನ್ನು ಡಬ್ಬಿಗೆ ಹಾಕಿ, ಅವನ ಹೆಸರು ಬರೆದು, ಕಪಾಟಿನ ಮೇಲಿನ ಅರೆಯಲ್ಲಿ ಇಟ್ಟ ಮೇಲೆಯೇ ಮೈದಾ ಚೀಲ ಬಿಚ್ಚುವುದು. ಮೈದಾ ಗಾಳಿಯಲ್ಲಿ ಹಾರುತ್ತದೆ, ಒಟ್ಟಿಗೆ ಮಾಡಬಾರದು. ಸಾನ್ನಾಂ ಹೇಗೂ ಅಕ್ಕಿ, ಉದ್ದು.

ಬರ್ತ್‌ಡೇ ಪಾರ್ಟಿಗೆ ನಾನು ಹಿಂದಿನ ದಿನವೇ ಆ ಮನೆಯ ತಾಯಿಗೆ ಫೋನ್ ಮಾಡುತ್ತೇನೆ. ನಾಚಿಕೆ ಇಲ್ಲ ನನಗೆ. ಗಡ್‌ಬಡ್ ಐಸ್‌ಕ್ರೀಮ್ ಕೊಡಿಸುವುದಾದರೆ ಬಿಸ್ಕಿಟ್ ಚುಚ್ಚಬೇಡಿ ಅಂತ ಮೊದಲೇ ಹೇಳಬೇಕು, ಕೊನೆಯಲ್ಲಿ ತೆಗೆದುಕೊಟ್ಟರೆ ಆಗುವುದಿಲ್ಲ. ಮಾಲ್ಟ್ ಹಾಕಿದ ಹಾಲಿನ ಪುಡಿ ಕೊಡುತ್ತಿದ್ದರೆ ಇವತ್ತೇ ನಿಲ್ಲಿಸಿ ಅಕ್ಕ. ಮಾಲ್ಟ್ ಅಂದರೆ ಸಾಮಾನ್ಯವಾಗಿ ಬಾರ್ಲಿ, ಅದೂ ಗೋಧಿಯಷ್ಟೇ ಕೆಟ್ಟದ್ದು ಇವರಿಗೆ. ಕಾರ್ನ್‌ಫ್ಲೇಕ್ಸಿನಲ್ಲೂ ಮಾಲ್ಟ್ ಇರುತ್ತದೆ.

ಪುತ್ತೂರು_ಹಲಸು

ನನ್ನದೊಂದು ಸಂಶಯ. ನನಗೂ ಚಪಾತಿ ತಿಂದರೆ ಹೊಟ್ಟೆ ಉಬ್ಬರ, ಬಿಟ್ಟ ಮೇಲೆ ಹಾಯಾಗಿದ್ದೇನೆ. ಎರಡು ತಿಂಗಳಾಯಿತು. ಪರೀಕ್ಷೆ ಎಲ್ಲ ಬೇಕಾ, ಹೀಗೇ ಇದ್ದರೆ ಸಾಲದಾ? ಆಮೇಲೆ ಅಪರೂಪಕ್ಕೆ ಒಂದು ಹೋಳಿಗೆ ತಿಂದರೆ ಏನೂ ಆಗುವುದಿಲ್ಲ ಅಂತ ನಮ್ಮ ಅಜ್ಜಿ ಹೇಳುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ.

ಕಲ್ಸಂಕ_ಸೈಕಲ್

ತಮ್ಮಾ, ಪರೀಕ್ಷೆ ಬೇಕು. ಅದೂ ಗೋಧಿ ತಿನ್ನುತ್ತಾ ಇರುವಾಗಲೇ ಆಗಬೇಕು. ಬಿಟ್ಟು ತಿಂಗಳುಗಟ್ಟಲೆ ಆದ ಮೇಲೆ ರಕ್ತ ಕೊಟ್ಟರೆ ಕಾಯಿಲೆ ಇದ್ದರೂ ಇಲ್ಲ ಅಂತ ಬರಬಹುದು. ಮತ್ತೆ ತಿನ್ನಬೇಕಾ, ಎಷ್ಟು ವಾರ ತಿನ್ನಬೇಕು ಅನ್ನುವುದನ್ನು ಡಾಕ್ಟರ ಹತ್ತಿರವೇ ಕೇಳು, ನೀನೇ ಶುರು ಮಾಡಬೇಡ. ಸೀಲಿಯಾಕ್ ಅಲ್ಲದೆಯೂ ಗೋಧಿ ಆಗದವರು ಇದ್ದಾರೆ, ಅವರಿಗೆ ಅಪರೂಪದ ಹೋಳಿಗೆ ನಡೆದೀತು. ಸೀಲಿಯಾಕ್ ಇದ್ದರೆ ನಡೆಯುವುದಿಲ್ಲ. ಯಾವುದು ಅಂತ ಗೊತ್ತಾಗಬೇಕಲ್ಲ, ಅದಕ್ಕೇ ಪರೀಕ್ಷೆ.

ಅಜ್ಜಿಗೆ ಇದನ್ನು ಹೇಳು. ಒಂದು ಬ್ರೆಡ್ ತುಂಡಿನಲ್ಲಿ ಸುಮಾರು 2 ಗ್ರಾಂ ಗ್ಲುಟೆನ್ ಇರುತ್ತದೆ. ಅದರ ನಲವತ್ತರಲ್ಲಿ ಒಂದು ಪಾಲು, ಅಂದರೆ 50 ಮಿಲಿಗ್ರಾಂ, ದಿನಾ ಮೂರು ತಿಂಗಳು ಹೋದರೆ ಸೀಲಿಯಾಕ್ ಇರುವವರ ಕರುಳಿಗೆ ಪೆಟ್ಟು ಬೀಳುತ್ತದೆ ಅಂತ 2007ರಲ್ಲೇ ಪರೀಕ್ಷೆ ಮಾಡಿ ತೋರಿಸಿದ್ದಾರೆ. ಹೊಟ್ಟೆ ನೋಯದಿದ್ದರೂ ಒಳಗೆ ಹಾಳಾಗುತ್ತಾ ಇರುತ್ತದೆ. ಇದು ಈಗಿನ ಕಾಲದ ಫ್ಯಾಶನ್ ಕಾಯಿಲೆಯೂ ಅಲ್ಲ. ನೆದರ್ಲೆಂಡ್ಸ್‌ನಲ್ಲಿ ಡಿಕ್ಕೆ ಅನ್ನುವ ಮಕ್ಕಳ ಡಾಕ್ಟರು ಗೋಧಿಯೇ ಕಾರಣ ಅಂತ 1950ರಲ್ಲಿ ಬರೆದರು. ಎರಡನೇ ಮಹಾಯುದ್ಧದ ಕೊನೆಗೆ ಅಲ್ಲಿ ಬ್ರೆಡ್ಡೇ ಸಿಗದೆ ಊರೆಲ್ಲ ಹಸಿವಿನಲ್ಲಿದ್ದಾಗ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು, ಬ್ರೆಡ್ ಬಂದ ಮೇಲೆ ಮತ್ತೆ ಮಲಗಿದರು.

ಸುರತ್ಕಲ್ ಅಕ್ಕನಿಗೆ ಇನ್ನೊಂದು ಮಾತು. ನಿಮಗೂ ಎಜಮಾನರಿಗೂ, ಬೇರೆ ಮಕ್ಕಳಿದ್ದರೆ ಅವರಿಗೂ ಟಿಟಿಜಿ ಮಾಡಿಸಿ. ಮನೆಯಲ್ಲಿ ಒಬ್ಬರಿಗೆ ಇದ್ದರೆ ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಹತ್ತಕ್ಕೆ ಒಬ್ಬರಿಗೆ ಇರುವ ಸಾಧ್ಯತೆ ಉಂಟು. ಪ್ಯಾಕೆಟ್ ತರುವಾಗ ಗ್ಲುಟೆನ್ ಮುಕ್ತ ಅಂತ ಬರೆದದ್ದೇ ನೋಡಿ. ನಮ್ಮ ದೇಶದ ನಿಯಮದಲ್ಲಿ ಹಾಗೆ ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂಗಿಂತ ಜಾಸ್ತಿ ಇರಬಾರದು. ಓಟ್ಸ್ ಮಾತ್ರ ಸದ್ಯ ಬೇಡ. ಮಾಮೂಲಿ ಓಟ್ಸಿನಲ್ಲಿ ಗೋಧಿ ಬೆರೆತಿರುತ್ತದೆ, ನಮ್ಮಲ್ಲಿ ಅಕ್ಕಿ ಇರುವಾಗ ಅದರ ಹಂಗು ಯಾಕೆ.

ಸುರತ್ಕಲ್_ಅಮ್ಮ

ಒಂದು ತಿಂಗಳ ಮೇಲೆ ಬರೆಯುತ್ತಿದ್ದೇನೆ, ತಡವಾಯಿತು, ಕ್ಷಮಿಸಿ.

ಇಂಗಿನ ಡಬ್ಬಿ ಆ ರಾತ್ರಿಯೇ ನೋಡಿದೆ. ಅಕ್ಷರ ಕಾಣದೆ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿದೆ. ಮೈದಾ ಅಂತ ಸ್ಪಷ್ಟವಾಗಿ ಬರೆದಿತ್ತು. ಆರು ತಿಂಗಳು ದಿನಾ ನನ್ನ ಕೈಯಾರೆ ಹಾಕಿದ್ದೇನಲ್ಲ ಅಂತ ಕೂತು ಅತ್ತೆ. ಅತ್ತೆಯವರು ಆ ಡಬ್ಬಿ ಎತ್ತಿ ಹೊರಗೆ ಇಟ್ಟರು, "ಬೆಳ್ಳುಳ್ಳಿ ಒಗ್ಗರಣೆ ಇರುವಾಗ ಇದು ಯಾತಕ್ಕೆ" ಅಂದರು. ಇಂಗು ಇಲ್ಲದೆ ಸಾರೇ ಅಲ್ಲ ಅನ್ನುತ್ತಿದ್ದವರು ಅವರು. ಮಾರನೇ ವಾರ ಅವರೇ ಪೇಟೆಗೆ ಹೋಗಿ ಹೊಸ ಬೀಡಿನ ಕಾವಲಿ ತಂದು, ಮೂರು ದಿನ ಗಂಜಿ ತಿಳಿ ಹಾಕಿ, ಎಣ್ಣೆ ಹಚ್ಚಿ ಈರುಳ್ಳಿಯಿಂದ ಉಜ್ಜಿ ಪಳಗಿಸಿದರು. ಅದರ ಹಿಡಿಗೆ ಕೆಂಪು ನೂಲು ಕಟ್ಟಿದ್ದಾರೆ, ಯಾರೂ ತಪ್ಪಿ ಚಪಾತಿ ಹಾಕಬಾರದು ಅಂತ.

ಜರಡಿ ಒಂದೇ ಇತ್ತು. ನೀವು ಹೇಳದಿದ್ದರೆ ನನಗೆ ಜನ್ಮದಲ್ಲಿ ಹೊಳೆಯುತ್ತಿರಲಿಲ್ಲ. ಹಿಟ್ಟು ಮಿಲ್ಲಿನದ್ದೇ. ಈಗ ನಿಲ್ಲಿಸಿದೆವು.

ಈ ತಿಂಗಳು ಒಂದೇ ಸಲ ಹೊಟ್ಟೆ ನೋವು ಬಂತು, ಅದೂ ಒಂದು ಮದುವೆಮನೆಯಲ್ಲಿ ಪಾಯಸ ಕುಡಿದ ದಿನ. ಹೆಸರುಬೇಳೆಯದ್ದು ಅಂತ ಕೊಟ್ಟೆ, ಪಕ್ಕದ ಶ್ಯಾವಿಗೆ ಪಾಯಸದ ಸೌಟನ್ನೇ ಅದಕ್ಕೂ ಹಾಕಿ ಬಡಿಸುತ್ತಿದ್ದರು. ಆಮೇಲೆ ನೋಡಿದೆ. ಟಿಟಿಜಿ ಇನ್ನು ಮೂರು ತಿಂಗಳ ಮೇಲೆ ಮಾಡಿಸುವುದು. ನಮ್ಮಿಬ್ಬರದ್ದು ಮಾಡಿಸಿದೆವು. ನನ್ನದು ಜಾಸ್ತಿ ಬಂದಿದೆ. ಮುಂದಿನ ವಾರ ಎಂಡೋಸ್ಕೋಪಿ. ಅಲ್ಲಿಯವರೆಗೆ ಚಪಾತಿ ತಿನ್ನುತ್ತಲೇ ಇರಿ ಅಂದಿದ್ದಾರೆ.

ಭಾನುವಾರ ಏಳು ಗಂಟೆಗೇ ಹೋಟೆಲಿಗೆ ಹೋಗಿ ಭಟ್ಟರ ಹತ್ತಿರ ತುಳುವಿನಲ್ಲೇ ಮಾತಾಡಿದೆ. ಅವರು ಮಗಳನ್ನು ಒಳಗೆ ಕರೆದು ಇಡ್ಲಿ ಬೇಯುವ ಪಾತ್ರೆ ತೋರಿಸಿ, "ಇದರಲ್ಲಿ ಗೋಧಿ ಇಲ್ಲ ಮಗಾ, ಎಷ್ಟು ಬೇಕು" ಅಂದರು. ನಾಲ್ಕು ತಿಂದಳು.

ಈಗ ಒಂದು ಪ್ರಶ್ನೆ. ಮುಂದಿನ ತಿಂಗಳು ಶಾಲೆಯಿಂದ ಮಲ್ಪೆಗೆ, ಅಲ್ಲಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಕರೆದುಕೊಂಡು ಹೋಗುತ್ತಾರೆ. ಬೆಳಿಗ್ಗೆ ಆರರಿಂದ ಸಂಜೆ ಆರು. ಬಿಸಿಲಿಗೆ ಹಳಸದ ಹಾಗೆ ಎಂತ ಕಟ್ಟಿಕೊಡುವುದು?

ದೋಸೆಕಲ್ಲು

ಕೊಟ್ಟೆ ಕಡುಬು ಕಟ್ಟಿಕೊಡಿ. ಎಲೆ ಬಿಚ್ಚದೆ ಇಟ್ಟರೆ ಸಂಜೆವರೆಗೆ ಮೆತ್ತಗೇ ಇರುತ್ತದೆ, ಬೇರೆ ಮಕ್ಕಳ ಕೈ ತಾಗಿದರೂ ಒಳಗೆ ಏನೂ ಆಗುವುದಿಲ್ಲ. ಚಟ್ನಿಗೆ ಹಸಿ ಕಾಯಿ ಬೇಡ, ಹಳಸುತ್ತದೆ. ಕೊಬ್ಬರಿ, ಒಣಮೆಣಸು, ಹುಣಸೆ, ಉಪ್ಪು ಹುರಿದು ಪುಡಿ ಮಾಡಿ, ತೆಂಗಿನೆಣ್ಣೆ ಬೇರೆ ಸಣ್ಣ ಬಾಟಲಿಯಲ್ಲಿ ಕೊಡಿ, ತಿನ್ನುವಾಗ ಕಲಸಿಕೊಳ್ಳಲಿ. ನಾಲ್ಕು ಜಾಸ್ತಿ ಹಾಕಿ ಅಕ್ಕ. ಕೊಟ್ಟೆ ಬಿಚ್ಚಿದ ವಾಸನೆಗೆ ಪಕ್ಕದ ಮಕ್ಕಳೂ ಕೇಳುತ್ತಾರೆ.